ಎರಡು ಪಂದ್ಯಗಳ ನಡುವೆ

ಕಳೆದ ಸಂಚಿಕೆಯಲ್ಲಿ ನಾವು ಹೊಲಿಗೆಯ ಯಂತ್ರಕ್ಕೆ ಎಣ್ಣೆ ಹಾಕುವ ಕ್ರಮವನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆವು. ಈ ಸಲ ಮಕ್ಕಳ ಆಟದ ಬಂಡಿಯೊಂದರ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ವಾಚಕರಲ್ಲಿ ಕೆಲವರು ನಗಬಹುದು. ಮೊದಲು ನಾವೂ ನಕ್ಕವರೇ. ಆದರೆ ಆ ಬಂಡಿಯ ದೆಸೆಯಿಂದ ನಮ್ಮ ಮಗಳ ಮನೆಗೆ ಒದಗಬಹುದಾಗಿದ್ದ ವಿಪತ್ತನ್ನೂ, ಅದಕ್ಕೆ ನಾವೇ ಕಾರಣರಾಗಲಿದ್ದ ಬಗೆಯನ್ನೂ ನೆನೆದರೆ ಈಗ ನಗು ಬರುವುದಿಲ್ಲ. ಆದಕಾರಣ ನಡೆದುದನ್ನು ಮರೆಮಾಚದೆ ಹೇಳಿ, ಅದರಿಂದ ನಾವು ಕಲಿತುದನ್ನು ಗೃಹಸ್ಥರ ಮುಂದಿಡುವೆವು.

ಹಿಂದಿನ ಚಳಿಗಾಲವನ್ನು ನಾವು ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿರುವ ಮಗಳ ಮನೆಯಲ್ಲಿ ಕಳೆದೆವು. ಅಲ್ಲಿ ನಮ್ಮ ಮೊಮ್ಮಗನಿಗೆ ಹದಿಮೂರು ವರ್ಷ ವಯಸ್ಸು. ರೇಡಿಯೋ ಅಲೆಗಳ ಮೂಲಕ ದೂರದಿಂದ ನಡೆಸುವ ಪಂದ್ಯದ ಬಂಡಿ ಅವನ ಪಾಲಿಗೆ ಊಟ ನಿದ್ರೆಗಳಿಗಿಂತ ಮೇಲು. ಅದು ನಿಜವಾದ ಕಾರಿನ ಹತ್ತರಲ್ಲೊಂದು ಅಳತೆಯದು. ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಹದಿನೈದು ದಿನಗಳಿಗೊಮ್ಮೆ ಭಾನುವಾರ ಅಲ್ಲಿನ ಶಾಲೆಯೊಂದರ ಹಜಾರದಲ್ಲಿ ಜಮಖಾನೆ ಹಾಸಿ, ಮರದ ದಿಣ್ಣೆಗಳನ್ನಿಟ್ಟು, ಸುತ್ತಲೂ ಹಲಗೆ ಕಟ್ಟಿ ಪಂದ್ಯ ನಡೆಸುತ್ತಾರೆ. ಒಂದೊಂದು ಓಟಕ್ಕೆ ಐದು ನಿಮಿಷ. ಬಂಡಿಯೊಳಗಿನ ಒಂದು ಪುಟ್ಟ ಉಪಕರಣವು ಸುತ್ತುಗಳನ್ನು ತಾನಾಗಿಯೇ ಎಣಿಕೆಗೆ ತಿಳಿಸುತ್ತದೆ. ಮೊದಲು ಮೂರು ನಾಲ್ಕು ಅರ್ಹತೆಯ ಓಟಗಳು. ಅವುಗಳ ಫಲವನ್ನು ನೋಡಿ ದರ್ಜೆ ವಿಂಗಡಿಸಿ ಕೊನೆಯ ಓಟಗಳು. ತನ್ನ ಓಟ ಮುಗಿದ ಹುಡುಗನು ಹಾಗೆಯೇ ಕುಳಿತುಕೊಳ್ಳುವಂತಿಲ್ಲ. ಮುಂದಿನವರ ಬಂಡಿ ಮಗುಚಿದರೆ ಎತ್ತಿ ನಿಲ್ಲಿಸಲು ಅಂಗಳದಲ್ಲಿ ನಿಲ್ಲಬೇಕು. ಈ ಪದ್ಧತಿಯು ನಮಗೆ ಬಹಳ ಮೆಚ್ಚಿಕೆಯಾಯಿತು.

ಈ ಆಟಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಜಪಾನಿನ ತಮಿಯಾ ಕಂಪನಿಯವರು 1976ರಲ್ಲಿ ಪೋರ್ಷೆ 934 ಕಾರಿನ ಮಾದರಿಯನ್ನು ರೇಡಿಯೋ ಸಹಿತವಾಗಿ ನಡೆಯುವಂತೆ ಮಾಡಿ ಮಾರಾಟಕ್ಕೆ ತಂದರು. ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಕಂಪನಿಯವರ ಆರ್‌ಸಿ10 ಎಂಬ ಬಂಡಿಯು 1984ರಲ್ಲಿ ಬಂದಿತು. ಮರುವರ್ಷ, ಎಂದರೆ 1985ರಲ್ಲಿ, ಆ ಪ್ರಾಂತದ ಡೆಲ್ ಮಾರ್ ಎಂಬಲ್ಲಿ ಮಣ್ಣಿನ ಅಂಗಳದ ವಿದ್ಯುತ್ ಬಂಡಿಗಳ ಮೊದಲನೆಯ ವಿಶ್ವಪಂದ್ಯವು ಜರುಗಿ, ಎರಡು ಗಾಲಿಗಳಿಗೆ ಚಾಲನೆಯುಳ್ಳ ಬಂಡಿಗಳ ವರ್ಗದಲ್ಲಿ ಜೇ ಹಾಲ್ಸಿ ಎಂಬವರು ಅದೇ ಆರ್‌ಸಿ10ರಿಂದ ಗೆದ್ದರು. ಆ ಕಾಲದವರ ಪಾಡು ಈಗಿನವರಿಗಿಂತ ಕಷ್ಟದ್ದು. ಮೋಟಾರಿನೊಳಗೆ ಇಂಗಾಲದ ಕುಂಚಗಳು ತಾಮ್ರದ ಉರುಳೆಯ ಮೇಲೆ ಉಜ್ಜುತ್ತಿದ್ದುದರಿಂದ ಆ ತಾಮ್ರವನ್ನು ಪುಟ್ಟ ಕಡೆಯುವ ಯಂತ್ರದಲ್ಲಿ ಮತ್ತೆ ಮತ್ತೆ ಹೆರೆದು ನುಣುಪು ಮಾಡಬೇಕಾಗಿತ್ತು. ಒಂದೇ ತರಂಗದ ಹರಳನ್ನು ಇಬ್ಬರು ಹಾಕಿದರೆ ಒಬ್ಬನ ಬಂಡಿ ಮತ್ತೊಬ್ಬನ ಕೈಗೆ ಸಿಕ್ಕುತ್ತಿತ್ತು. ಈಗಿನ ಮೋಟಾರಿಗೆ ಕುಂಚಗಳಿಲ್ಲ. ಈಗಿನ ರೇಡಿಯೋ ತನ್ನ ತರಂಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಅಷ್ಟರಿಂದ ಆರೈಕೆಯೇ ಬೇಡವೆಂದು ತಿಳಿದವರು ಅನೇಕರು. ನಾವೂ ಹಾಗೆಯೇ ತಿಳಿದಿದ್ದೆವು.

ಜನವರಿಯ ಒಂದು ಭಾನುವಾರ ನಮ್ಮ ಹುಡುಗನು ಕೊನೆಯ ಓಟದಲ್ಲಿ ಮೂರನೆಯವನಾಗಿ ಓಡುತ್ತಿದ್ದನು. ನಾಲ್ಕನೆಯ ನಿಮಿಷದಲ್ಲಿ ಬಂಡಿಯು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಹಲಗೆಗೆ ಬಡಿದು ನಿಂತಿತು. ಮುಂದಿನ ಗಾಲಿಗಳನ್ನು ತಿರುಗಿಸುವ ಪುಟ್ಟ ಯಂತ್ರಕ್ಕೆ ಸರ್ವೋ ಎಂದು ಹೆಸರು. ಅದರ ಅಕ್ಷದ ಮೇಲೆ ಬೆರಳಿನ ಗೆಣ್ಣಿನಷ್ಟು ಉದ್ದದ ಒಂದು ತೋಳು. ಆ ತೋಳನ್ನು ಹಿಡಿದಿರುವುದು ಒಂದೇ ತಿರುಪು. ಆ ತಿರುಪು ಎಲ್ಲಿಯೋ ಸಡಿಲಿ ಬಿದ್ದುಹೋಗಿತ್ತು. "ನಾನು ಸರಿಯಾಗಿಯೇ ತಿರುಗಿಸಿದೆ, ತಾತ" ಎಂದು ಹುಡುಗನು ಹೇಳಿದವನು ಮನೆ ತಲಪುವವರೆಗೂ ಬೇರೆ ಮಾತಾಡಲಿಲ್ಲ. ಅವನ ಮುಖವನ್ನು ನೋಡಲಾರದೆ ನಾವು, "ಇರಲಿ ಮಗು, ಎಲ್ಲವನ್ನೂ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳು. ಮುಂದಿನ ಪಂದ್ಯದ ಹಿಂದಿನ ದಿನ ನೋಡಿಕೊಂಡರಾಯಿತು" ಎಂದೆವು. ಅವನು ಹಾಗೆಯೇ ಮಾಡಿದನು.

ಚೀಲದೊಳಗೆ ಎರಡು ಬ್ಯಾಟರಿಗಳಿದ್ದುವು. ಒಂದು ಓಡಿ ಬರಿದಾಗಿತ್ತು. ಇನ್ನೊಂದು ಹಳೆಯದು, ಇರಲಿ ಎಂದು ತುಂಬ ಶಕ್ತಿ ತುಂಬಿಸಿ ಇಟ್ಟಿದ್ದುದು, ಓಟಕ್ಕೆ ಬೇಕಾಗಿರಲಿಲ್ಲ. ಹತ್ತು ದಿನಗಳ ಮೇಲೆ ಬುಧವಾರ ರಾತ್ರಿ ನಮ್ಮ ಅಳಿಯಂದಿರು ಯಾವುದೋ ಉಪಕರಣವನ್ನು ಹುಡುಕುತ್ತ ಆ ಚೀಲವನ್ನು ತೆರೆದರು. ಹಳೆಯ ಬ್ಯಾಟರಿಯ ಗಟ್ಟಿ ಕವಚವು ಅಂಚಿನಲ್ಲಿ ಬಿರಿದು, ಮೇಲ್ಭಾಗವು ಪೂರಿಯಂತೆ ಉಬ್ಬಿ ನಿಂತಿತ್ತು. ಮಂಚದ ಮೇಲೆ ಹುಡುಗನೂ ಅವನ ತಂಗಿಯೂ ಮಲಗಿದ್ದರು. ಅಳಿಯಂದಿರು ಒಂದು ಮಾತನ್ನೂ ಆಡದೆ ಅದನ್ನು ಮೆಲ್ಲನೆ ಎತ್ತಿಕೊಂಡು ಹಿತ್ತಲಿಗೆ ಹೋಗಿ, ತಗಡಿನ ಬಕೆಟ್ಟಿನಲ್ಲಿ ಮರಳಿನ ಮೇಲಿಟ್ಟು, ಗೋಡೆಯಿಂದ ದೂರದಲ್ಲಿ ನಿಲ್ಲಿಸಿ ಬಂದರು. ಆಮೇಲೆ, "ಮಾವ, ಇದನ್ನು ಮಂಚದ ಕೆಳಗೆ ಇಟ್ಟವರು ಯಾರು?" ಎಂದು ಕೇಳಿದರು. ಗದ್ದಲಕ್ಕೆ ಎದ್ದಿದ್ದ ಹುಡುಗನು ನಮ್ಮ ಮುಖವನ್ನು ನೋಡಿ ಸುಮ್ಮನಿದ್ದನು. ಆ ಮಗುವಿನ ಮೌನವು ನಮಗೆ ಚುಚ್ಚಿತು. "ಇಡಲು ಹೇಳಿದವನು ನಾನೇ" ಎಂದು ಒಪ್ಪಿಕೊಂಡೆವು.

ಏನೂ ಆಗಲಿಲ್ಲ, ಆದರೆ ಆಗಬಹುದಾಗಿದ್ದುದೇನೆಂಬುದನ್ನು ವಾಚಕರು ತಿಳಿಯಬೇಕು. ಈ ಬ್ಯಾಟರಿಗಳು ಲಿಥಿಯಂ ಜಾತಿಯವು. ತುಂಬ ಶಕ್ತಿ ತುಂಬಿದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಟ್ಟರೆ ಒಳಗಿನ ದ್ರವ್ಯವು ಬೇಗನೆ ಕೆಡುತ್ತ, ಅನಿಲ ಹುಟ್ಟಿ ಬ್ಯಾಟರಿಯು ಉಬ್ಬಬಹುದು. ಉಬ್ಬಿದುದು ಒಳಗೇ ತಗುಲಿಕೊಂಡರೆ ಬೆಂಕಿಯಾಗುವುದು. ಆ ಬೆಂಕಿಯು ತನಗೆ ಬೇಕಾದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವುದರಿಂದ ಆರಿಸುವುದು ಬಹಳ ಕಷ್ಟ. ಸಡಿಲಿದ ತಿರುಪೂ ಉಬ್ಬಿದ ಬ್ಯಾಟರಿಯೂ ನಮಗೆ ಒಂದೇ ಪಾಠವನ್ನು ಹೇಳಿದುವು: ಪಂದ್ಯದ ಹಿಂದಿನ ದಿನ ನೋಡಿಕೊಂಡರಾಯಿತೆಂಬುದು ಬೆಂಕಿ ಬಿದ್ದಾಗ ಬಾವಿ ತೋಡುವ ಮಾತು. ಮರುದಿನವೇ ಅಳಿಯಂದಿರು, ಹುಡುಗ, ನಾವು ಮೂವರೂ ಮೇಜಿನ ಸುತ್ತ ಕುಳಿತು ಎರಡು ಪಂದ್ಯಗಳ ನಡುವಣ ಹದಿನೈದು ದಿನಗಳಿಗೆ ಒಂದು ಕ್ರಮವನ್ನು ಬರೆದುಕೊಂಡೆವು. ಅದನ್ನೇ ಇಲ್ಲಿ ಕೊಡುತ್ತೇವೆ.

ಮೊದಲನೆಯದು, ಪಂದ್ಯದ ರಾತ್ರಿಯೇ ಮಾಡತಕ್ಕ ಕೆಲಸ. ಎಷ್ಟೇ ದಣಿವಾಗಿದ್ದರೂ ಬ್ಯಾಟರಿಯನ್ನು ಬಂಡಿಯಿಂದ ತೆಗೆಯತಕ್ಕದ್ದು. ಒಂದು ಬ್ಯಾಟರಿಯಲ್ಲಿ ಎರಡು ಕೋಶಗಳಿರುತ್ತವೆ. ತುಂಬಿದಾಗ ಕೋಶವೊಂದಕ್ಕೆ 4.2 ವೋಲ್ಟು, ಎರಡಕ್ಕೂ ಸೇರಿ 8.4. ಇಡುವಾಗ ಇರಬೇಕಾದುದು ಕೋಶಕ್ಕೆ ಸುಮಾರು 3.8, ಎರಡಕ್ಕೂ ಸೇರಿ 7.6. ಒಳ್ಳೆಯ ಚಾರ್ಜರುಗಳಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದ್ದು, ಹೆಚ್ಚಿದ್ದರೆ ಇಳಿಸಿ ಕಡಿಮೆಯಿದ್ದರೆ ಏರಿಸಿ ಅಲ್ಲಿಗೆ ತಂದು ನಿಲ್ಲಿಸುತ್ತದೆ. ಓಡಿದ ಬ್ಯಾಟರಿ ಬಿಸಿಯಾಗಿದ್ದರೆ ಆರುವವರೆಗೂ ಚಾರ್ಜರಿಗೆ ಹಚ್ಚಕೂಡದು. ಚಾರ್ಜು ಮಾಡುವಾಗ ಬೆಂಕಿ ತಡೆಯುವ ಚೀಲದೊಳಗಿಟ್ಟು, ಕಲ್ಲು ಅಥವಾ ಹೆಂಚಿನಂಥ ಉರಿಯದ ನೆಲದ ಮೇಲೆ, ದೊಡ್ಡವರ ಕಣ್ಣಿನ ಮುಂದೆ ಮಾಡತಕ್ಕದ್ದು. ಹಚ್ಚಿಟ್ಟು ಮಲಗುವುದು ಸರ್ವಥಾ ಕೂಡದು. 5000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಗೆ 5 ಆಂಪಿಯರಿನ ವೇಗ ಸಾಕು, ಅವಸರ ಬೇಡ. ಉಬ್ಬಿದುದನ್ನು ಚಾರ್ಜು ಮಾಡಬಾರದು, ಚುಚ್ಚಬಾರದು, ಮನೆಯ ಕಸದ ಬುಟ್ಟಿಗೆ ಹಾಕಬಾರದು. ಬ್ಯಾಟರಿಗಳನ್ನು ತೆಗೆದುಕೊಳ್ಳುವ ಮರುಬಳಕೆಯ ಕೇಂದ್ರಕ್ಕೆ ತಿಳಿಸಿ ಒಪ್ಪಿಸಬೇಕು. ಇಡುವ ಜಾಗವು ಮಲಗುವ ಕೋಣೆಯಿಂದಲೂ ಪರದೆ ಬಟ್ಟೆಗಳಿಂದಲೂ ದೂರವಿರಬೇಕು. ಮಿಕ್ಕ ಕೆಲಸಗಳನ್ನು ಮರೆತರೆ ಪಂದ್ಯ ಹೋಗಬಹುದು. ಇದನ್ನು ಮರೆತರೆ ಮನೆಯೇ ಹೋಗಬಹುದು.

ಎರಡನೆಯದು, ಮರುದಿನ ಶುಚಿ ಮಾಡುವುದು. ಮೇಲಿನ ತೆಳುವಾದ ಹೊದಿಕೆಗೆ ಒಳಮೈಯಲ್ಲಿ ಬಣ್ಣ ಹಚ್ಚಿರುತ್ತಾರೆ. ಅದನ್ನು ಒದ್ದೆ ಬಟ್ಟೆಯಿಂದ ಒರಸಬಹುದು. ಬಂಡಿಯ ಮೈಗೆ ಮಾತ್ರ ನೀರು ತಾಕಿಸದೆ, ಒಣಗಿದ ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಜಮಖಾನೆಯ ಅಂಗಳದಲ್ಲಿ ಓಡಿದ ಬಂಡಿಯ ಅಚ್ಚುಗಳಿಗೆ ಎಳೆಗಳೂ ಕೂದಲೂ ಸುತ್ತಿಕೊಂಡಿರುತ್ತವೆ. ಗಾಲಿ ಬಿಚ್ಚಿ ಚಿಮುಟದಿಂದ ಅವನ್ನು ಎಳೆದು ತೆಗೆಯತಕ್ಕದ್ದು. ಗಾಳಿ ಊದುವ ಯಂತ್ರವಿದ್ದರೆ ಬೇರಿಂಗುಗಳ ಕಡೆಗೆ ಊದಬಾರದು; ಕೊಳೆಯು ಹೊರಬರುವುದರ ಬದಲು ಒಳಹೋಗುವುದು. ಶುಚಿ ಮಾಡುವುದು ಕೇವಲ ಅಂದಕ್ಕಾಗಿ ಅಲ್ಲ. ಪಾತ್ರೆ ಬೆಳಗುವಾಗ ಸೀಳು ಕಣ್ಣಿಗೆ ಬೀಳುವಂತೆ, ಕೊಳೆ ಹೋದ ಮೇಲೆಯೇ ಬಿರುಕು ಕಾಣುವುದು.

ಮೂರನೆಯದು, ಕೈಯಿಂದ ಪರೀಕ್ಷೆ. ಇದಕ್ಕೆ ಉಪಕರಣಗಳೇ ಬೇಡ. ಒಂದೊಂದು ಗಾಲಿಯನ್ನೂ ಹಿಡಿದು ಮೆಲ್ಲನೆ ಅಲುಗಿಸಿ ನೋಡಬೇಕು. ನಾಲ್ಕರಲ್ಲಿ ಒಂದು ಹೆಚ್ಚಾಗಿ ಅಲುಗಿದರೆ ಅಲ್ಲಿ ಏನೋ ಸವೆದಿದೆ. ಸ್ಪ್ರಿಂಗಿನ ಕೊಳವೆಗಳನ್ನು ಒಂದು ಕಡೆ ಬಿಚ್ಚಿ ಗಾಲಿಯ ತೋಳನ್ನು ಎತ್ತಿ ಬಿಟ್ಟರೆ ಅದು ತನ್ನ ಭಾರದಿಂದಲೇ ಸಲೀಸಾಗಿ ಕೆಳಗಿಳಿಯಬೇಕು. ತಡೆದು ನಿಂತರೆ ಒಳಗಿನ ಉಕ್ಕಿನ ಕಡ್ಡಿ ಬಾಗಿರಬಹುದು. ಕಡ್ಡಿಯನ್ನು ತೆಗೆದು ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದುದು ಕುಂಟುತ್ತ ಉರುಳುವುದು. ಬೇರಿಂಗನ್ನು ಬೆರಳಿನ ಮೇಲಿಟ್ಟು ತಿರುಗಿಸಿದರೆ ಮರಳು ಸಿಕ್ಕಿದಂತೆ ಕರಕರ ಎನ್ನಬಾರದು. ಎಂದರೆ, ಅದನ್ನು ಬಿಡಿಸಿ, ಶುದ್ಧಿಮಾಡುವ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿ, ಒಂದೇ ಒಂದು ಹನಿ ತೆಳು ಎಣ್ಣೆ ಹಾಕಬೇಕು. ಹೊಲಿಗೆಯ ಯಂತ್ರಕ್ಕೆ ಹೇಳಿದ ಮಾತೇ ಇಲ್ಲಿಗೂ ಸಲ್ಲುವುದು: ಹೆಚ್ಚಾದ ಎಣ್ಣೆಯು ಧೂಳಿಗೆ ಕೊಡುವ ಆಮಂತ್ರಣ.

ಇನ್ನು ತಿರುಪುಗಳು. ನಮ್ಮ ಹುಡುಗನು ಸೋತುದು ಇಲ್ಲಿಯೇ. ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ, ಒಂದೇ ಕ್ರಮದಲ್ಲಿ ಪ್ರತಿಯೊಂದನ್ನೂ ಮುಟ್ಟಿ ನೋಡತಕ್ಕದ್ದು. ಕ್ರಮ ತಪ್ಪಿದರೆ ಒಂದು ಬಿಟ್ಟುಹೋಗುವುದು ನಿಶ್ಚಯ. ಲೋಹಕ್ಕೆ ಲೋಹ ಕೂಡುವೆಡೆ ತಿರುಪನ್ನು ಹಿಡಿದಿಡುವ ಅಂಟಿನ ಒಂದು ಚುಕ್ಕೆ ಹಾಕಬೇಕು; ಮೋಟಾರಿನ ತಿರುಪುಗಳಿಗೂ, ಅಕ್ಷವು ಉಕ್ಕಿನದಾಗಿದ್ದರೆ ಸರ್ವೋವಿನ ತೋಳಿಗೂ ಇದು ಅವಶ್ಯ. ಪ್ಲಾಸ್ಟಿಕ್ಕಿಗೆ ಹೋಗುವ ತಿರುಪಿಗೆ ಈ ಅಂಟು ಕೂಡದು. ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಅದು ಬಿರುಕು ಬಿಡಿಸುತ್ತದೆ. ಅಲ್ಲಿ ಬಿಗಿಯು ಹತ್ತಿದೊಡನೆ ಕೈ ನಿಲ್ಲಿಸಬೇಕು.

ನಾಲ್ಕನೆಯದು, ಎಣ್ಣೆಯ ಕೊಳವೆಗಳು. ನೆಗೆದು ಬಿದ್ದ ಬಂಡಿಯ ಕುಲುಕಾಟವನ್ನು ತಡೆಯುವುವು ಸ್ಪ್ರಿಂಗಿನ ಒಳಗಿರುವ ಈ ನಾಲ್ಕು ಕೊಳವೆಗಳೇ. ಅವುಗಳಲ್ಲಿ ಸಿಲಿಕೋನ್ ಎಣ್ಣೆಯಿದ್ದು, ರಂಧ್ರಗಳುಳ್ಳ ಪುಟ್ಟ ಬಿಲ್ಲೆಯೊಂದು ಅದರಲ್ಲಿ ಏರಿಳಿಯುತ್ತದೆ. ಎಣ್ಣೆ ಸೋರಿ ಗಾಳಿ ಸೇರಿದರೆ ಬಂಡಿಯು ಒಂದು ಕಡೆಗೆ ವಾಲುತ್ತದೆ. ಎರಡು ಮುಂದಿನ ಕೊಳವೆಗಳನ್ನೂ ಸ್ಪ್ರಿಂಗು ತೆಗೆದು ಜೊತೆಯಾಗಿ ಹಿಡಿದು ಒತ್ತಿ ಬಿಟ್ಟರೆ ಎರಡೂ ಒಂದೇ ಬಗೆಯಲ್ಲಿ ಚಲಿಸಬೇಕು, ಹಿಂದಿನವಕ್ಕೂ ಹಾಗೆಯೇ. ಹೊಸ ಎಣ್ಣೆ ತುಂಬುವಾಗ ಬಿಲ್ಲೆಯನ್ನು ಮೆಲ್ಲಮೆಲ್ಲನೆ ಏರಿಳಿಸಿ, ಗುಳ್ಳೆಗಳೆಲ್ಲ ಮೇಲೆದ್ದು ಒಡೆಯುವವರೆಗೂ ಕಾದಿದ್ದು, ಆಮೇಲೆ ಮುಚ್ಚಳ ಹಾಕಬೇಕು. ಈ ಕಾಯುವಿಕೆಯಲ್ಲಿ ನಮ್ಮ ಹುಡುಗನಿಗೆ ತಾಳ್ಮೆಯಿರಲಿಲ್ಲ. ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಒಂದು ಲೋಟ ಹಾಲು ಕುಡಿದು ಬಾ ಎಂದು ಕಳುಹಿಸುತ್ತಿದ್ದೆವು. ಅವನು ಬರುವಷ್ಟರಲ್ಲಿ ಗುಳ್ಳೆಗಳು ಹೋಗಿರುತ್ತಿದ್ದುವು.

ಐದನೆಯದು, ಹಲ್ಲುಚಕ್ರಗಳು. ಮೋಟಾರಿನ ಚಿಕ್ಕ ಚಕ್ರವೂ ಅದು ತಿರುಗಿಸುವ ದೊಡ್ಡ ಚಕ್ರವೂ ತೀರ ಒತ್ತಿಕೊಂಡಿದ್ದರೆ ಮೋಟಾರು ಬಿಸಿಯಾಗುವುದು. ದೂರವಿದ್ದರೆ ಹಲ್ಲುಗಳು ತಿಂದುಹೋಗುವುವು. ತೆಳು ಕಾಗದದ ಒಂದು ಪಟ್ಟಿಯನ್ನು ನಡುವೆ ತೂರಿಸಿ, ಚಕ್ರಗಳನ್ನು ಅದಕ್ಕೆ ಒತ್ತಿ ಮೋಟಾರನ್ನು ಬಿಗಿದು, ಆಮೇಲೆ ತಿರುಗಿಸಿ ಕಾಗದವನ್ನು ಹೊರತೆಗೆದರೆ ಅಂತರವು ಸರಿಹೋಗುತ್ತದೆ. ಕಾಗದವು ಹರಿಯದೆ ನಿರಿಗೆ ಬಿದ್ದು ಬರಬೇಕು. ಹಿಂದಿನ ಎರಡು ಗಾಲಿಗಳಿಗೂ ಶಕ್ತಿ ಹಂಚುವ ಡಿಫರೆನ್ಷಿಯಲನ್ನು ಪ್ರತಿ ಸಲವೂ ಬಿಚ್ಚಬೇಕಾಗಿಲ್ಲ. ಒಂದು ಗಾಲಿಯನ್ನು ಕೈಯಿಂದ ತಿರುಗಿಸಿದರೆ ಮತ್ತೊಂದು ಎದುರು ದಿಕ್ಕಿಗೆ ನುಣುಪಾಗಿ ತಿರುಗುವುದೇ ಎಂದು ನೋಡಿದರೆ ಸಾಕು. ಸಿಕ್ಕಿ ಸಿಕ್ಕಿ ತಿರುಗಿದರೆ ಆಗ ಬಿಚ್ಚಿ ಒಳಗಿನ ದಪ್ಪ ಸಿಲಿಕೋನ್ ಎಣ್ಣೆಯನ್ನು ಬದಲಾಯಿಸತಕ್ಕದ್ದು.

ಟಯರುಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಅವನ್ನು ಗಾಲಿಗೆ ಅಂಟಿನಿಂದ ಕೂಡಿಸಿರುತ್ತಾರೆ. ಹೆಬ್ಬೆರಳಿನಿಂದ ಸುತ್ತಲೂ ಎಳೆದು ನೋಡಿ ಬಿಟ್ಟಿರುವೆಡೆ ಮತ್ತೆ ಅಂಟಿಸಬೇಕು. ಆ ಅಂಟು ಕ್ಷಣದಲ್ಲಿ ಬೆರಳುಗಳನ್ನೂ ಕೂಡಿಸಿಬಿಡುವುದರಿಂದ ಈ ಕೆಲಸವು ದೊಡ್ಡವರದು.

ಆರನೆಯದು, ರೇಡಿಯೋ. ಬಂಡಿಯನ್ನು ಗಾಲಿಗಳು ನೆಲಕ್ಕೆ ತಾಕದಂತೆ ಒಂದು ಪೀಠದ ಮೇಲಿಟ್ಟು, ಮೊದಲು ಕೈಯಲ್ಲಿರುವ ರೇಡಿಯೋವನ್ನೂ ಆಮೇಲೆ ಬಂಡಿಯನ್ನೂ ಚಾಲೂ ಮಾಡಬೇಕು. ನಿಲ್ಲಿಸುವಾಗ ಮೊದಲು ಬಂಡಿ, ಕೊನೆಗೆ ರೇಡಿಯೋ. ಗಾಲಿಗಳನ್ನು ಮೆಲ್ಲನೆ ತಿರುಗಿಸುತ್ತಿರುವಾಗ ರೇಡಿಯೋವನ್ನು ಆರಿಸಿ ನೋಡತಕ್ಕದ್ದು. ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ, ಕೈತಪ್ಪಿದ ಒಂದೂವರೆ ಕಿಲೋಗ್ರಾಂ ತೂಕದ ಬಂಡಿಯು ಅಂಗಳದಲ್ಲಿ ನಿಂತ ಮಕ್ಕಳ ಕಾಲಿಗೆ ಬಡಿಯುವುದು. ಆ ಏರ್ಪಾಡನ್ನು ಸರಿಪಡಿಸುವವರೆಗೂ ಬಂಡಿಯನ್ನು ಹೊರಗೆ ತೆಗೆಯಲಾಗದು.

ಕೊನೆಯದು, ಒಂದು ನೋಟುಪುಸ್ತಕ. ಯಾವ ದಿನ ಏನನ್ನು ಬದಲಾಯಿಸಿದೆವು, ಎಷ್ಟು ದಪ್ಪದ ಎಣ್ಣೆ ಹಾಕಿದೆವು, ಯಾವ ಬ್ಯಾಟರಿ ಎಷ್ಟು ಸಲ ಓಡಿತು, ಇವನ್ನು ಒಂದೊಂದು ಸಾಲಿನಲ್ಲಿ ಬರೆದಿಡಬೇಕು. ಮನೆಯ ಲೆಕ್ಕ ಬರೆಯುವ ಗೃಹಿಣಿಯರಿಗೆ ಇದರ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಇಷ್ಟನ್ನು ಓದಿ ಅತ್ಯುತ್ಸಾಹದಿಂದ ಪ್ರತಿ ವಾರವೂ ಬಂಡಿಯನ್ನೆಲ್ಲ ಬಿಚ್ಚಿ ಹರವುವವರಿಗೂ ಒಂದು ಮಾತು. ಕೆಡದುದನ್ನು ಬಿಚ್ಚಿ ಕೂಡಿಸುವಾಗಲೇ ಅನೇಕ ದೋಷಗಳು ಹುಟ್ಟುತ್ತವೆ. ನೋಡುವುದು ಪ್ರತಿ ಸಲವೂ ಆಗಲಿ. ಬಿಚ್ಚುವುದು ಕಾರಣವಿದ್ದಾಗ ಮಾತ್ರ ಆಗಲಿ. ಬಿಚ್ಚಿದ ಮೇಲೆ, ಪಂದ್ಯಕ್ಕೆ ಒಂದು ದಿನ ಮುಂಚೆ ಬಯಲಿನಲ್ಲಿ ಎರಡು ನಿಮಿಷ ಓಡಿಸಿ ತಿರುಪುಗಳನ್ನು ಮತ್ತೊಮ್ಮೆ ಮುಟ್ಟಿ ನೋಡುವುದು ಲೇಸು.

ಮತ್ತೊಂದು ಮಾತನ್ನು ತಂದೆ ತಾತಂದಿರಿಗೆ ಹೇಳಬೇಕಾಗಿದೆ. ಮೊದಲ ವಾರ ನಮ್ಮ ಅಳಿಯಂದಿರೇ ಎಲ್ಲವನ್ನೂ ಮಾಡಲು ಕುಳಿತರು. ಹುಡುಗನು ಪಕ್ಕದಲ್ಲಿ ಆಕಳಿಸುತ್ತಿದ್ದನು. ಎರಡನೆಯ ವಾರ ತಿರುಪುಳಿಯನ್ನು ಅವನ ಕೈಗೇ ಕೊಟ್ಟೆವು. ಕೆಲಸಕ್ಕೆ ಮೂರರಷ್ಟು ಹೊತ್ತು ಹಿಡಿಯಿತು. ಒಂದು ತಿರುಪು ಜಮಖಾನೆಯಲ್ಲಿ ಕಳೆದು, ಮನೆಯವರೆಲ್ಲ ದೀಪ ಹಿಡಿದು ಹುಡುಕಬೇಕಾಯಿತು. ಆದರೆ ಅಂದಿನಿಂದ ಬ್ಯಾಟರಿಯ ಕೆಲಸವೊಂದನ್ನು ಬಿಟ್ಟು ಮಿಕ್ಕುದೆಲ್ಲ ಅವನದೇ ಆಯಿತು. ಬ್ಯಾಟರಿಯ ಮುಂದೆ ತಂದೆಯೋ ತಾಯಿಯೋ ಇದ್ದೇ ಇರಬೇಕೆಂಬುದು ಆ ಮನೆಯ ಕಟ್ಟಳೆ.

ಫೆಬ್ರವರಿಯ ಕೊನೆಯ ಪಂದ್ಯದಲ್ಲಿ ಹುಡುಗನು ಐದು ನಿಮಿಷವೂ ನಿಲ್ಲದೆ ಓಡಿ ನಾಲ್ಕನೆಯವನಾದನು. ಅವನಿಗಿಂತ ವೇಗವಾಗಿದ್ದ ಇಬ್ಬರ ಬಂಡಿಗಳು ನಡುವೆ ಕೆಟ್ಟು ನಿಂತಿದ್ದುವು. ಮನೆಗೆ ಬಂದವನು ಕೋಟನ್ನು ಕಳಚುವುದಕ್ಕೆ ಮುಂಚೆಯೇ ಬ್ಯಾಟರಿಗಳನ್ನು ತೆಗೆದು ಅಡಿಗೆಮನೆಯ ಕಲ್ಲಿನ ಮೇಲಿಟ್ಟು, "ಅಪ್ಪ, ಬಾ, ಚಾರ್ಜರಿನ ಹತ್ತಿರ ಕೂತುಕೊಳ್ಳಬೇಕು" ಎಂದು ಕರೆದನು. ಆಮೇಲೆ ನಮ್ಮ ಕಡೆಗೆ ತಿರುಗಿ, "ತಾತ, ಮಂಚದ ಕೆಳಗೆ ಈಗ ಏನೂ ಇಲ್ಲ, ಬೇಕಾದರೆ ನೋಡು" ಎಂದನು. ನಾವು ಹೋಗಿ ಬಗ್ಗಿ ನೋಡಿದೆವು. ಅವನ ಚಪ್ಪಲಿಗಳು ಮಾತ್ರ ಇದ್ದುವು.